ದೊಡ್ಡ ಟೇಬಲ್ ಸ್ಕ್ಯಾನ್‌ಗೆ ಟೈಮ್‌ಔಟ್: ಮೊದಲು ಯಾವ ಗಡಿಯಾರ ಅಂತ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹಳಷ್ಟು ಒಂದೇ ವಿಷಯದ ಸುತ್ತ ಇದ್ದವು. ಹಲವು ಸರ್ವರ್‌ಗಳಲ್ಲಿ ಹಂಚಿಹೋದ ದೊಡ್ಡ ಟೇಬಲ್. ಅದನ್ನು ಪೂರ್ತಿ ಓದಬೇಕು, ಇದಕ್ಕೇ ಸ್ಕ್ಯಾನ್ ಅನ್ನುವುದು. ಓದಲು ಹೊರಟರೆ ಮಧ್ಯದಲ್ಲೇ ಟೈಮ್‌ಔಟ್, ಅಂದರೆ ಕಾಯುವ ಸಮಯದ ಮಿತಿ ಮುಗಿದು ಕೆಲಸ ನಿಲ್ಲುವುದು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಇವಕ್ಕಷ್ಟೇ ಉತ್ತರ ಬರೆಯುತ್ತಿದ್ದೇನೆ. ಕೇಳಿದವರ ಹೆಸರು, ಕಂಪನಿಯ ವಿವರ ಎಲ್ಲ ತೆಗೆದಿದ್ದೇನೆ.

ಪ್ರಶ್ನೆ: ನಮ್ಮದು ಎಚ್‌ಬೇಸ್ (ಹಲವು ಸರ್ವರ್‌ಗಳಲ್ಲಿ ಹಂಚಿಡುವ ಡೇಟಾಬೇಸ್) ಟೇಬಲ್, ಕೋಟಿಗಟ್ಟಲೆ ಸಾಲುಗಳಿವೆ. ಜಾವಾ ಪ್ರೋಗ್ರಾಂನಿಂದ ಪೂರ್ತಿ ಸ್ಕ್ಯಾನ್ ಮಾಡಿದರೆ ಸಾಕೆಟ್‌ಟೈಮ್‌ಔಟ್‌ಎಕ್ಸೆಪ್ಶನ್ ಬರುತ್ತದೆ. ಎಚ್‌ಬೇಸ್.ಆರ್‌ಪಿಸಿ.ಟೈಮ್‌ಔಟ್ ಅನ್ನು 10 ನಿಮಿಷಕ್ಕೆ ಏರಿಸಿದೆ. ಆದರೂ ಸರಿಯಾಗಿ 60 ಸೆಕೆಂಡಿಗೇ ನಿಲ್ಲುತ್ತಿದೆ. ನಾನು ಕೊಟ್ಟ ಸಂಖ್ಯೆ ಲೆಕ್ಕಕ್ಕೇ ಬರುತ್ತಿಲ್ಲವಲ್ಲ, ಯಾಕೆ ಸರ್?

ಉತ್ತರ: ನೀವು ತಿರುಗಿಸಿದ ಗಡಿಯಾರ ಒಂದು, ಹೊಡೆದದ್ದು ಇನ್ನೊಂದು. ಎಚ್‌ಬೇಸ್‌ನಲ್ಲಿ ಸಮಯದ ಮಿತಿ ಒಂದೇ ಅಲ್ಲ, ಹಲವು ಇವೆ, ಒಂದೊಂದರ ಕೆಲಸವೂ ಬೇರೆ.

ಆರ್‌ಪಿಸಿ ಟೈಮ್‌ಔಟ್ ಅಂದರೆ ಕ್ಲೈಂಟ್ ಒಂದು ಕರೆ ಕಳಿಸಿ ಅದರ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ. ನಾವಾಗಿ ಏನೂ ಬರೆಯದಿದ್ದರೆ ಅದು 60000 ಮಿಲಿಸೆಕೆಂಡ್. ಎಚ್‌ಬೇಸ್.ಕ್ಲೈಂಟ್.ಸ್ಕ್ಯಾನರ್.ಟೈಮ್‌ಔಟ್.ಪೀರಿಯಡ್ ಅಂತ ಇನ್ನೊಂದಿದೆ, ಅದೂ 60000. ಎರಡೂ ಒಂದೇ ಸಂಖ್ಯೆ ಆಗಿರುವುದರಿಂದಲೇ ಇಷ್ಟೊಂದು ಗೊಂದಲ. ಸ್ಕ್ಯಾನ್ ನಡೆಯುವಾಗ ಒಂದೊಂದು ನೆಕ್ಸ್ಟ್ (ಮುಂದಿನ ಸಾಲುಗಳನ್ನು ಕೊಡು ಅನ್ನುವ) ಕರೆಗೂ ಕ್ಲೈಂಟ್ ನೋಡುವುದು ಈ ಎರಡನೆಯದನ್ನು. ನೀವು ಮೊದಲನೆಯದನ್ನು ಮಾತ್ರ ಏರಿಸಿದಿರಿ, ಎರಡನೆಯದು 60 ಸೆಕೆಂಡಿನಲ್ಲೇ ಉಳಿಯಿತು.

ಈ ಸ್ಕ್ಯಾನರ್ ಟೈಮ್‌ಔಟ್‌ಗೆ ಸರ್ವರ್ ಕಡೆ ಇನ್ನೊಂದು ಕೆಲಸವೂ ಇದೆ. ಟೇಬಲ್‌ನ ಒಂದೊಂದು ತುಂಡಿಗೆ ರೀಜನ್ ಅನ್ನುತ್ತಾರೆ, ಅವನ್ನು ನೋಡಿಕೊಳ್ಳುವುದು ರೀಜನ್ ಸರ್ವರ್. ಸ್ಕ್ಯಾನ್ ಶುರುವಾದಾಗ ಅದು ಒಂದು ಸ್ಕ್ಯಾನರ್ ತೆರೆದು ಅದಕ್ಕೆ ಲೀಸ್ ಕೊಡುತ್ತದೆ. ಕ್ಲೈಂಟ್ ಒಂದು ಕಂತು ಸಾಲುಗಳನ್ನು ತೆಗೆದುಕೊಂಡು ಹೋದ ಮೇಲೆ ಮತ್ತೆ ಬಂದು ನೆಕ್ಸ್ಟ್ ಕೇಳುವವರೆಗೆ ಎಷ್ಟು ಹೊತ್ತು ಕಾಯಬೇಕು ಅನ್ನುವುದೇ ಆ ಲೀಸ್. ಅದರ ಅವಧಿಯನ್ನು ಸರ್ವರ್ ತನ್ನ ಸೆಟ್ಟಿಂಗ್ ಫೈಲಿನಿಂದಲೇ ಓದುತ್ತದೆ. ಕ್ಲೈಂಟ್‌ನಲ್ಲಿ ನೀವು ಎಷ್ಟೇ ದೊಡ್ಡ ಸಂಖ್ಯೆ ಬರೆದರೂ ಸರ್ವರ್‌ನ ಲೀಸ್ ಉದ್ದ ಆಗುವುದಿಲ್ಲ. ಹಾಗಾಗಿ ಏರಿಸುವುದೇ ಆದರೆ ಎರಡೂ ಕಡೆ ಏರಿಸಿ, ಸರ್ವರ್‌ನದು ಕ್ಲೈಂಟ್‌ನದಕ್ಕಿಂತ ಕಡಿಮೆ ಇರಬಾರದು, ಆರ್‌ಪಿಸಿ ಟೈಮ್‌ಔಟ್ ಸ್ಕ್ಯಾನರ್ ಟೈಮ್‌ಔಟ್‌ಗಿಂತ ಕಡಿಮೆ ಇರಬಾರದು. ಸರ್ವರ್ ಫೈಲ್ ಬದಲಾಯಿಸಿದರೆ ರೀಜನ್ ಸರ್ವರ್‌ಗಳನ್ನು ಒಂದೊಂದಾಗಿ ರೀಸ್ಟಾರ್ಟ್ ಮಾಡಬೇಕು. ಎಚ್‌ಬೇಸ್.ಕ್ಲೈಂಟ್.ಆಪರೇಶನ್.ಟೈಮ್‌ಔಟ್ ಅಂತ ಮೂರನೆಯದೂ ಇದೆ, 20 ನಿಮಿಷ. ಅದು ಮರುಪ್ರಯತ್ನಗಳೆಲ್ಲ ಸೇರಿ ಒಂದು ಗೆಟ್ (ಸಾಲು ಓದುವುದು) ಅಥವಾ ಪುಟ್‌ಗೆ (ಸಾಲು ಬರೆಯುವುದು) ಹಾಕಿದ ಮಿತಿ. ನಿಮ್ಮ ತೊಂದರೆಗೆ ಅದು ಕಾರಣ ಅಲ್ಲ.

ಈಗ ಬಹಳ ಮುಖ್ಯವಾದ ಮಾತು. ಎರರ್ ಸಂದೇಶವನ್ನು ಕೊನೆಯವರೆಗೂ ಓದಿ. ಜನ ಮೊದಲ ಸಾಲು ನೋಡಿ ಬಿಟ್ಟುಬಿಡುತ್ತಾರೆ. ಒಳಗೆ ಕಾಲ್‌ಟೈಮ್‌ಔಟ್=60000, ಕಾಲ್‌ಡ್ಯುರೇಶನ್ ಇಷ್ಟು, ಯಾವ ಟೇಬಲ್, ಯಾವ ರೀಜನ್, ಯಾವ ಹೋಸ್ಟ್ ಅಂತ ಎಲ್ಲಾ ಬರೆದಿರುತ್ತದೆ. ನೀವು ಸಂಖ್ಯೆ ಏರಿಸಿದ ಮೇಲೂ ಅಲ್ಲಿ 60000 ಅಂತಲೇ ಇದ್ದರೆ, ಒಂದೋ ನೀವು ಮುಟ್ಟಿದ್ದು ಬೇರೆ ಗಡಿಯಾರ, ಇಲ್ಲವೇ ನಿಮ್ಮ ಫೈಲನ್ನು ಪ್ರೋಗ್ರಾಂ ಓದಿಯೇ ಇಲ್ಲ. ಈ ಎರಡನೆಯದು ತುಂಬಾ ಸಾಮಾನ್ಯ. ಜಾವಾ ಕ್ಲೈಂಟ್ ತನ್ನ ಕ್ಲಾಸ್‌ಪಾತ್‌ನಲ್ಲಿ ಸಿಕ್ಕ ಎಚ್‌ಬೇಸ್-ಸೈಟ್.ಎಕ್ಸ್‌ಎಂಎಲ್ ಅನ್ನು ಓದುತ್ತದೆ, ಸರ್ವರ್ ಮೆಷಿನ್‌ನಲ್ಲಿ ಇರುವ ಫೈಲನ್ನಲ್ಲ. ಪ್ರೋಗ್ರಾಂ ಶುರುವಾದ ಕೂಡಲೇ ಕಾನ್ಫಿಗರೇಶನ್‌ನಿಂದ ಆ ಎರಡು ಸಂಖ್ಯೆಗಳನ್ನು ಕೇಳಿ ಲಾಗ್‌ಗೆ ಬರೆಸಿ. ಎರಡು ಸಾಲು ಕೋಡ್ ಅಷ್ಟೇ, ಎಷ್ಟೋ ಹೊತ್ತಿನ ಹುಡುಕಾಟ ಉಳಿಯುತ್ತದೆ.

ಇನ್ನೊಂದು ವಿಷಯ. ಹಳೆಯ ಬರಹಗಳಲ್ಲಿ ಎಚ್‌ಬೇಸ್.ರೀಜನ್‌ಸರ್ವರ್.ಲೀಸ್.ಪೀರಿಯಡ್ ಬದಲಾಯಿಸಿ ಅಂತ ಇರುತ್ತದೆ. ಅದು ಇದೇ ಮಿತಿಯ ಹಳೆಯ ಹೆಸರು, 0.96ರ ಹೊತ್ತಿಗೆ ಬದಲಾಯಿತು. ಈಗ ಹೊಸ ಹೆಸರನ್ನೇ ಬಳಸಿ.

ಪ್ರಶ್ನೆ: ಸ್ಕ್ಯಾನ್ ಮಾಡುತ್ತಾ ಪ್ರತಿ ಸಾಲಿಗೂ ಇನ್ನೊಂದು ಸರ್ವಿಸ್ ಕರೆದು ಸ್ವಲ್ಪ ವಿವರ ತರಬೇಕು. ಟೆಸ್ಟ್ ಟೇಬಲ್‌ನಲ್ಲಿ ಎಲ್ಲಾ ಸರಿ. ನಿಜವಾದ ಟೇಬಲ್‌ನಲ್ಲಿ ಅನ್‌ನೋನ್‌ಸ್ಕ್ಯಾನರ್‌ಎಕ್ಸೆಪ್ಶನ್. ಸರ್ವರ್ ನೋಡಿಕೊಳ್ಳುವವರು "ನಮ್ಮಲ್ಲಿ ಲೋಡೇ ಇಲ್ಲ, ಎಲ್ಲಾ ಆರಾಮಾಗಿದೆ" ಅನ್ನುತ್ತಾರೆ.

ಉತ್ತರ: ಅವರು ಹೇಳುವುದು ನಿಜ. ನಿಧಾನ ಆಗುತ್ತಿರುವುದು ನಿಮ್ಮ ಕಡೆ.

ಸಾಲುಗಳು ಒಂದೊಂದಾಗಿ ಬರುವುದಿಲ್ಲ, ಕಂತಿನಲ್ಲಿ ಬರುತ್ತವೆ. ಕಂತಿನ ಗಾತ್ರವನ್ನು ಸೆಟ್‌ಕ್ಯಾಶಿಂಗ್ ಅನ್ನುವ ಸಂಖ್ಯೆ ಹೇಳುತ್ತದೆ. ಅದು 1000 ಅಂತಿಟ್ಟುಕೊಳ್ಳಿ, ಒಂದು ಸಾಲಿಗೆ ನಿಮ್ಮ ಸರ್ವಿಸ್ ಕರೆ 100 ಮಿಲಿಸೆಕೆಂಡ್ ತಿನ್ನುತ್ತದೆ ಅಂತಿಟ್ಟುಕೊಳ್ಳಿ. ಒಂದು ಕಂತು ಮುಗಿಸಲು 100 ಸೆಕೆಂಡ್ ಬೇಕು. ಅಷ್ಟರಲ್ಲಿ ಸರ್ವರ್ 60 ಸೆಕೆಂಡ್ ಕಾದು, ಈ ಕ್ಲೈಂಟ್ ಇನ್ನು ಬರುವುದಿಲ್ಲ ಅಂತ ಸ್ಕ್ಯಾನರ್ ಮುಚ್ಚಿಬಿಟ್ಟಿರುತ್ತದೆ. ನೀವು ಮತ್ತೆ ಹೋಗಿ ಹಳೆಯ ಸ್ಕ್ಯಾನರ್ ಐಡಿ ಕೊಟ್ಟರೆ ಅದಕ್ಕೆ ಗುರುತೇ ಸಿಗುವುದಿಲ್ಲ. ಟೆಸ್ಟ್ ಟೇಬಲ್ ಒಂದೇ ಕಂತಿನಲ್ಲಿ ಮುಗಿಯುತ್ತಿತ್ತು, ಅದಕ್ಕೇ ಅಲ್ಲಿ ಏನೂ ಕಾಣಿಸಲಿಲ್ಲ.

ನೀವೇನೂ ಸೆಟ್ ಮಾಡಿಲ್ಲ ಅಂದರೆ ಇನ್ನೂ ಕಷ್ಟ. 1.1ರಿಂದ ಈಚೆಗೆ ಸಾಲುಗಳ ಎಣಿಕೆಗೆ ಡೀಫಾಲ್ಟ್ ಮಿತಿ ಇಲ್ಲದಂತೆಯೇ ಆಗಿದೆ. ಅದರ ಬದಲು 2 ಎಂಬಿ ತುಂಬುವಷ್ಟು ಸಾಲುಗಳು ಒಂದು ಕಂತಿನಲ್ಲಿ ಬರುತ್ತವೆ. ಸಾಲುಗಳು ಚಿಕ್ಕವಾಗಿದ್ದರೆ ಸಾವಿರಾರು ಸಾಲು ಒಟ್ಟಿಗೇ ಬಂದು ಬೀಳುತ್ತವೆ. ಬರೀ ಓದುವವರಿಗೆ ಇದು ಒಳ್ಳೆಯದು, ಸಾಲು ಸಾಲಿಗೂ ಕೆಲಸ ಮಾಡುವವರಿಗೆ ಅಲ್ಲ.

ಇಲ್ಲಿ ಟೈಮ್‌ಔಟ್ ಮುಟ್ಟಲೇಬೇಡಿ. ಕ್ಯಾಶಿಂಗ್ ಅನ್ನು 100ಕ್ಕೆ ಇಳಿಸಿ. ಕಂತಿಗೆ 10 ಸೆಕೆಂಡ್ ಸಾಕು, ಲೀಸ್ ತಾನಾಗಿಯೇ ಪ್ರತಿ ಸಲ ಹೊಸದಾಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಅಂದರೆ ಓದುವ ಕೆಲಸ, ಸರ್ವಿಸ್ ಕರೆಯುವ ಕೆಲಸ ಎರಡನ್ನೂ ಬೇರೆ ಮಾಡುವುದು: ಒಂದು ಥ್ರೆಡ್ ಓದಿ ಓದಿ ಕ್ಯೂಗೆ ಹಾಕಲಿ, ಬೇರೆ ಥ್ರೆಡ್‌ಗಳು ಕ್ಯೂನಿಂದ ತೆಗೆದು ಸರ್ವಿಸ್ ಕರೆಯಲಿ. ಆದರೆ ಕ್ಯೂ ತುಂಬಿದಾಗ ಓದುವ ಥ್ರೆಡ್ ನಿಂತುಬಿಡುತ್ತದೆ, ಆಗ ಮತ್ತೆ ಅದೇ ಲೀಸ್ ತೊಂದರೆ ಬರಬಹುದು. ಅಂಥ ಹೊತ್ತಿಗೆ ರಿಸಲ್ಟ್‌ಸ್ಕ್ಯಾನರ್‌ನಲ್ಲಿ ರಿನ್ಯೂಲೀಸ್ ಅನ್ನುವ ಮೆಥಡ್ ಇದೆ, ಸಾಲು ತೆಗೆದುಕೊಳ್ಳದೇ ಲೀಸ್ ಮಾತ್ರ ಮುಂದುವರಿಸುತ್ತದೆ. ಮುಗಿಸಿದ ಕೊನೆಯ ರೋ ಕೀಯನ್ನು (ಆ ಸಾಲಿನ ಗುರುತು) ಎಲ್ಲಾದರೂ ಬರೆದಿಟ್ಟುಕೊಳ್ಳಿ. ಸ್ಕ್ಯಾನರ್ ಹೋದರೂ ವಿತ್‌ಸ್ಟಾರ್ಟ್‌ರೋಗೆ ಆ ಕೀ ಕೊಟ್ಟು, ಅದನ್ನು ಬಿಟ್ಟು ಮುಂದಿನದರಿಂದ ಅಂತ ಫಾಲ್ಸ್ ಹೇಳಿದರೆ ಅಲ್ಲಿಂದಲೇ ಶುರು ಮಾಡಬಹುದು.

ಔಟ್‌ಆಫ್‌ಆರ್ಡರ್‌ಸ್ಕ್ಯಾನರ್‌ನೆಕ್ಸ್ಟ್‌ಎಕ್ಸೆಪ್ಶನ್ ಕಂಡರೆ ಅದು ಇದಲ್ಲ. ಅಲ್ಲಿ ಸರ್ವರ್ ಉತ್ತರ ಸಿದ್ಧ ಮಾಡುವ ಮೊದಲೇ ಕ್ಲೈಂಟ್ ಬೇಸತ್ತು ಅದೇ ಕರೆಯನ್ನು ಮತ್ತೆ ಕಳಿಸಿದೆ, ಸರ್ವರ್ ಅಷ್ಟರಲ್ಲಿ ಮುಂದಿನ ನಂಬರಿಗೆ ಹೋಗಿದೆ. ಅಂದರೆ ಸರ್ವರ್ ಕಡೆ ಒಂದು ಕಂತು ತುಂಬಲು ಜಾಸ್ತಿ ಹೊತ್ತು ಹಿಡಿಯುತ್ತಿದೆ. ಮುಂದಿನ ಪ್ರಶ್ನೆ ಅದರದ್ದೇ.

ಪ್ರಶ್ನೆ: ಕ್ಯಾಶಿಂಗ್ 1ಕ್ಕೆ ಇಳಿಸಿದರೂ ನಮ್ಮ ಸ್ಕ್ಯಾನ್ ಟೈಮ್‌ಔಟ್ ಆಗುತ್ತಿದೆ. ಫಿಲ್ಟರ್ ಹಾಕಿದ್ದೇವೆ, ಪೂರ್ತಿ ಟೇಬಲ್‌ನಿಂದ ಬೆರಳೆಣಿಕೆಯಷ್ಟು ಸಾಲು ಮಾತ್ರ ಬರಬೇಕು. ಇಷ್ಟು ಕಡಿಮೆ ಡೇಟಾಕ್ಕೆ ಇಷ್ಟು ಹೊತ್ತು ಯಾಕೆ?

ಉತ್ತರ: ಬರುವ ಡೇಟಾ ಕಡಿಮೆ, ಓದುವ ಡೇಟಾ ಕಡಿಮೆ ಅಲ್ಲ. ಕಾಲಂ ಒಂದರಲ್ಲಿ ಇಂಥ ಬೆಲೆ ಇದ್ದರೆ ಕೊಡು ಅನ್ನುವ ಫಿಲ್ಟರ್ ಹಾಕಿದರೆ ಸರ್ವರ್ ಪ್ರತಿ ಸಾಲನ್ನೂ ಡಿಸ್ಕ್‌ನಿಂದ ತೆಗೆದು ನೋಡಲೇಬೇಕು. ಫಿಲ್ಟರ್ ಉಳಿಸುವುದು ನೆಟ್‌ವರ್ಕ್ ಮಾತ್ರ. ಎರಡು ಸಾಲು ಸಿಗುವ ನಡುವೆ ಒಂದು ಕೋಟಿ ಸಾಲು ದಾಟಬೇಕಾದರೆ, ಕ್ಯಾಶಿಂಗ್ 1 ಇದ್ದರೂ ಆ ಒಂದು ಸಾಲಿಗಾಗಿ ಒಂದು ಕೋಟಿ ಓದಬೇಕು ಅಲ್ವಾ?

1.1 ಆವೃತ್ತಿಯಿಂದ ಇದಕ್ಕೊಂದು ಒಳ್ಳೆಯ ವ್ಯವಸ್ಥೆ ಬಂತು, ಹಾರ್ಟ್‌ಬೀಟ್ ಅಂತ. ಕಂತು ತುಂಬದಿದ್ದರೂ, ಸಮಯದ ಮಿತಿಯ ಅರ್ಧ ಮುಗಿಯುವ ಹೊತ್ತಿಗೆ ಸರ್ವರ್ "ನಾನು ಇನ್ನೂ ಓದುತ್ತಿದ್ದೇನೆ, ಇಲ್ಲಿವರೆಗೆ ಬಂದಿದ್ದೇನೆ" ಅಂತ ಖಾಲಿ ಉತ್ತರ ಕಳಿಸುತ್ತದೆ, ಕ್ಲೈಂಟ್ ಮತ್ತೆ ನೆಕ್ಸ್ಟ್ ಕರೆಯುತ್ತದೆ. ಇದು ನಡೆಯಬೇಕಾದರೆ ಎರಡೂ ಕಡೆ ಆ ಆವೃತ್ತಿ ಬೇಕು. ಸರ್ವರ್ ಹೊಸದು, ನಿಮ್ಮ ಪ್ರೋಗ್ರಾಂ ಜೊತೆ ಪ್ಯಾಕ್ ಆಗಿರುವ ಕ್ಲೈಂಟ್ ಲೈಬ್ರರಿ ಓಬೀರಾಯನ ಕಾಲದ್ದು ಆಗಿದ್ದರೆ ಹಾರ್ಟ್‌ಬೀಟ್ ಬರುವುದಿಲ್ಲ. ಮೊದಲು ಅದನ್ನು ನೋಡಿ.

ಎರಡೂ ಹೊಸದಾಗಿದ್ದೂ ಟೈಮ್‌ಔಟ್ ಆಗುತ್ತಿದ್ದರೆ ಓದುವಿಕೆಯ ಆಚೆ ಏನೋ ನಡೆಯುತ್ತಿದೆ. ಕರೆ ಹಿಡಿಯುವ ಹ್ಯಾಂಡ್ಲರ್ ಸಿಗದೇ ನಿಮ್ಮ ಕರೆ ಕ್ಯೂನಲ್ಲೇ ಕಾಯುತ್ತಿರಬಹುದು. ಜಾವಾದ ಗಾರ್ಬೇಜ್ ಕಲೆಕ್ಷನ್‌ನಿಂದ (ಬಳಸಿ ಬಿಟ್ಟ ಮೆಮೊರಿ ಖಾಲಿ ಮಾಡುವ ಕೆಲಸ) ರೀಜನ್ ಸರ್ವರ್ ಪೂರ್ತಿ ನಿಂತಿರಬಹುದು. ಇಲ್ಲವೇ ಒಂದೇ ಸಾಲಿನಲ್ಲಿ ಲಕ್ಷಗಟ್ಟಲೆ ಕಾಲಂ ಇರಬಹುದು. ಎರರ್‌ನಲ್ಲಿ ಬಂದ ಹೋಸ್ಟ್ ಯಾವುದು ಅಂತ ನೋಡಿ, ಅದೇ ಸಮಯದ ಆ ಸರ್ವರ್‌ನ ಲಾಗ್ ತೆಗೆದು ನೋಡಿ.

ಆದರೆ ನಿಜವಾದ ಪರಿಹಾರ ಓದುವುದನ್ನು ಕಡಿಮೆ ಮಾಡುವುದರಲ್ಲಿದೆ, ಇಲ್ಲಿ ನಿಮ್ಮ ಹೊತ್ತು ಹಾಕಿದರೆ ವ್ಯರ್ಥ ಆಗುವುದಿಲ್ಲ. ಎಚ್‌ಬೇಸ್‌ನಲ್ಲಿ ಸಾಲುಗಳು ರೋ ಕೀ ಕ್ರಮದಲ್ಲಿ ಜೋಡಿಸಿರುತ್ತವೆ. ಸ್ಟಾರ್ಟ್ ರೋ, ಸ್ಟಾಪ್ ರೋ ಕೊಟ್ಟರೆ ಉಳಿದ ಭಾಗವನ್ನು ಸರ್ವರ್ ಮುಟ್ಟುವುದೇ ಇಲ್ಲ. ಬೇಕಾದ ಕಾಲಂ ಫ್ಯಾಮಿಲಿಯನ್ನು (ಕಾಲಂಗಳ ಗುಂಪು) ಮಾತ್ರ ಆ್ಯಡ್‌ಫ್ಯಾಮಿಲಿಯಲ್ಲಿ ಹೇಳಿ. ಒಂದೊಂದು ಫ್ಯಾಮಿಲಿಯ ಫೈಲ್‌ಗಳೂ ಬೇರೆ ಇರುವುದರಿಂದ ಬೇಡದ್ದನ್ನು ತೆರೆಯುವುದೇ ಇಲ್ಲ. ಇತ್ತೀಚಿನ ಡೇಟಾ ಸಾಕು ಅಂದರೆ ಸೆಟ್‌ಟೈಮ್‌ರೇಂಜ್ ಕೊಡಿ, ಆ ಅವಧಿಯದ್ದು ಏನೂ ಇಲ್ಲದ ಫೈಲ್‌ಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಕೀಯ ನಡುವಿನ ಭಾಗ ಗೊತ್ತು, ಮೊದಲ ಭಾಗ ಗೊತ್ತಿಲ್ಲ ಅನ್ನುವಂತಿದ್ದರೆ ಫಜಿರೋಫಿಲ್ಟರ್ ನೋಡಿ. ಅದು ಸರಿಹೊಂದದ ಜಾಗಗಳನ್ನು ಹಾರಿಕೊಂಡು ಹೋಗುವ ಫಿಲ್ಟರ್, ಉಳಿದವುಗಳ ಹಾಗೆ ಎಲ್ಲವನ್ನೂ ಓದಿ ಎಸೆಯುವುದಲ್ಲ. ಬ್ಲೂಮ್ ಫಿಲ್ಟರ್ ಹಾಕಿದರೆ ಆಗುತ್ತಾ ಅಂತ ಕೆಲವರು ಕೇಳುತ್ತಾರೆ. ಅದು ಒಂದೇ ಕೀ ಹುಡುಕುವ ಗೆಟ್‌ಗೆ, ಪೂರ್ತಿ ಸ್ಕ್ಯಾನ್‌ಗೆ ಉಪಯೋಗ ಇಲ್ಲ.

ಇದೇ ಪ್ರಶ್ನೆಯನ್ನು ಡೈನಮೋಡಿಬಿ (ಅಮೆಜಾನ್‌ನ ಡೇಟಾಬೇಸ್) ಬಳಸುವವರೊಬ್ಬರೂ ಬೇರೆ ರೂಪದಲ್ಲಿ ಕೇಳಿದ್ದರು: "ಸ್ಕ್ಯಾನ್ ಖಾಲಿ ಉತ್ತರ ಕೊಡುತ್ತದೆ, ಡೇಟಾ ಇರುವುದು ಗೊತ್ತು." ಅಲ್ಲಿ ಒಂದು ಕರೆ ಓದುವುದು ಹೆಚ್ಚೆಂದರೆ 1 ಎಂಬಿ, ಫಿಲ್ಟರ್ ಹಾಕುವುದು ಓದಿದ ಮೇಲೆ. ಆ 1 ಎಂಬಿಯಲ್ಲಿ ನಿಮ್ಮದು ಒಂದೂ ಇಲ್ಲದಿದ್ದರೆ ಖಾಲಿ ಪುಟ ಬರುತ್ತದೆ. ಉತ್ತರದಲ್ಲಿ ಲಾಸ್ಟ್‌ಇವ್ಯಾಲ್ಯುಯೇಟೆಡ್‌ಕೀ (ಎಲ್ಲಿವರೆಗೆ ಓದಿದೆ ಅನ್ನುವ ಗುರುತು) ಬರುವುದು ನಿಲ್ಲುವವರೆಗೂ ಮುಂದೆ ಕೇಳುತ್ತಾ ಹೋಗಿ.

ಪ್ರಶ್ನೆ: ಫೀನಿಕ್ಸ್‌ನಲ್ಲಿ (ಎಚ್‌ಬೇಸ್ ಮೇಲೆ ಎಸ್‌ಕ್ಯೂಎಲ್ ಓಡಿಸುವ ಪದರ) ಸೆಲೆಕ್ಟ್ ಕೌಂಟ್ ಸ್ಟಾರ್ ಹಾಕಿದರೆ ಟೈಮ್‌ಔಟ್. ಸರ್ವರ್‌ನಲ್ಲಿ ಎಲ್ಲಾ ಸಂಖ್ಯೆ ಏರಿಸಿ ರೀಸ್ಟಾರ್ಟ್ ಕೂಡ ಮಾಡಿದ್ದಾಯಿತು.

ಉತ್ತರ: ಎಸ್‌ಕ್ಯೂಎಲ್‌ಲೈನ್ (ಫೀನಿಕ್ಸ್‌ಗೆ ಕ್ವೆರಿ ಹಾಕುವ ಪ್ರೋಗ್ರಾಂ) ಓಡಿಸುವ ಮೆಷಿನ್‌ನಲ್ಲೂ ಅದೇ ಎಚ್‌ಬೇಸ್-ಸೈಟ್ ಫೈಲ್ ಇದೆಯಾ, ಎಚ್‌ಬೇಸ್_ಕಾನ್ಫ್_ಡಿಐಆರ್ ಆ ಫೋಲ್ಡರ್ ತೋರಿಸುತ್ತಿದೆಯಾ ನೋಡಿ. ಬಹುಪಾಲು ಸಲ ಅಲ್ಲೇ ತಪ್ಪಿರುತ್ತದೆ. ಆಮೇಲೆ ಫೀನಿಕ್ಸ್‌ಗೆ ತನ್ನದೇ ಫೀನಿಕ್ಸ್.ಕ್ವೆರಿ.ಟೈಮ್‌ಔಟ್‌ಎಂಎಸ್ ಇದೆ, ಡೀಫಾಲ್ಟ್ 600000, ಅಂದರೆ 10 ನಿಮಿಷ. ಕ್ವೆರಿ 60 ಸೆಕೆಂಡಿಗೆ ನಿಂತರೆ ಎಚ್‌ಬೇಸ್‌ನ ಮಿತಿ, 10 ನಿಮಿಷಕ್ಕೆ ನಿಂತರೆ ಫೀನಿಕ್ಸ್‌ನ ಮಿತಿ. ಅಪ್‌ಡೇಟ್ ಸ್ಟ್ಯಾಟಿಸ್ಟಿಕ್ಸ್ ಓಡಿಸಿಲ್ಲದಿದ್ದರೆ ಓಡಿಸಿ, ಅದರಿಂದ ಫೀನಿಕ್ಸ್ ಒಂದು ರೀಜನ್ ಅನ್ನು ಚಿಕ್ಕ ತುಂಡುಗಳಾಗಿ ಒಡೆದು ಒಟ್ಟೊಟ್ಟಿಗೆ ಓದುತ್ತದೆ. ಎಣಿಕೆ ಮಾತ್ರ ಬೇಕು ಅಂದರೆ ಎಚ್‌ಬೇಸ್ ಜೊತೆಗೇ ಬರುವ ರೋಕೌಂಟರ್ ಜಾಬ್ ಸಾಕು. ಶೆಲ್‌ನ ಕೌಂಟ್ ಆಜ್ಞೆ ಒಂದೇ ಕಡೆಯಿಂದ ಸಾಲಾಗಿ ಎಣಿಸುತ್ತದೆ, ದೊಡ್ಡ ಟೇಬಲ್‌ಗೆ ಅದನ್ನು ಬಳಸಬೇಡಿ.

ಪ್ರಶ್ನೆ: ಸ್ಪಾರ್ಕ್ (ಒಂದು ಕೆಲಸವನ್ನು ಹಲವು ಮೆಷಿನ್‌ಗಳಿಗೆ ಹಂಚುವ ಸಾಧನ) ಜಾಬ್‌ನಲ್ಲಿ ಎಚ್‌ಬೇಸ್ ಟೇಬಲ್ ಪೂರ್ತಿ ಓದುತ್ತೇವೆ. ನೂರಾರು ಟಾಸ್ಕ್‌ಗಳಲ್ಲಿ ಒಂದೇ ಒಂದು ಪ್ರತಿ ಸಲ ಟೈಮ್‌ಔಟ್ ಆಗಿ ಇಡೀ ಜಾಬ್ ಬೀಳುತ್ತದೆ. ಉಳಿದವು ಬೇಗ ಮುಗಿಯುತ್ತವೆ.

ಉತ್ತರ: ಇದು ಒಳ್ಳೆಯ ಸುಳಿವು. ಎಲ್ಲಾ ಟಾಸ್ಕ್‌ಗಳಿಗೂ ಗಡಿಯಾರ ಒಂದೇ, ಆದರೂ ಒಂದೇ ಬೀಳುತ್ತಿದೆ ಅಂದರೆ ತೊಂದರೆ ಸೆಟ್ಟಿಂಗ್‌ನಲ್ಲಿ ಇಲ್ಲ, ಡೇಟಾ ಇರುವ ಜಾಗದಲ್ಲಿದೆ. ಟೇಬಲ್‌ಇನ್‌ಪುಟ್‌ಫಾರ್ಮ್ಯಾಟ್ ಸಾಮಾನ್ಯವಾಗಿ ಒಂದು ರೀಜನ್‌ಗೆ ಒಂದು ಟಾಸ್ಕ್ ಕೊಡುತ್ತದೆ. ಬೀಳುವ ಟಾಸ್ಕ್‌ನ ಎರರ್‌ನಲ್ಲಿ ಪ್ರತಿ ಸಲ ಅದೇ ರೀಜನ್ ಹೆಸರು ಬರುತ್ತಿದೆಯಾ, ಅಥವಾ ರೀಜನ್ ಬದಲಾಗಿ ಹೋಸ್ಟ್ ಮಾತ್ರ ಅದೇ ಇದೆಯಾ? ಇದನ್ನು ಮೊದಲು ಬೇರ್ಪಡಿಸಿ.

ಹೋಸ್ಟ್ ಅದೇ ಇದ್ದರೆ ಆ ಮೆಷಿನ್‌ನ ಡಿಸ್ಕ್, ಮೆಮೊರಿ, ಗಾರ್ಬೇಜ್ ಕಲೆಕ್ಷನ್ ಲಾಗ್ ನೋಡಬೇಕು. ರೀಜನ್ ಅದೇ ಇದ್ದರೆ ಅದರ ಗಾತ್ರ, ಅದರಲ್ಲಿರುವ ಫೈಲ್‌ಗಳ ಸಂಖ್ಯೆ, ಲೊಕ್ಯಾಲಿಟಿ (ಅದರ ಡೇಟಾ ಅದೇ ಮೆಷಿನ್‌ನಲ್ಲಿ ಎಷ್ಟಿದೆ ಅನ್ನುವುದು) ಮೂರನ್ನೂ ನೋಡಿ, ಮೂರೂ ಎಚ್‌ಬೇಸ್‌ನ ವೆಬ್ ಪುಟದಲ್ಲೇ ಸಿಗುತ್ತವೆ. ಡೀಫಾಲ್ಟ್ ಪ್ರಕಾರ ರೀಜನ್ 10 ಜಿಬಿ ಸುತ್ತಮುತ್ತ ಬೆಳೆದು ಒಡೆಯುತ್ತದೆ, ಆದರೆ ತಾನಾಗಿ ಒಡೆಯುವುದನ್ನು ನಿಲ್ಲಿಸಿದ ಕಡೆ ಒಂದೊಂದು ರೀಜನ್ ಅದರ ಎಷ್ಟೋ ಪಟ್ಟು ಬೆಳೆದು ಕೂತಿರುತ್ತದೆ. ಕೈಯಾರೆ ಸ್ಪ್ಲಿಟ್ ಮಾಡಿ. ರೀಜನ್ ಇತ್ತೀಚೆಗೆ ಬೇರೆ ಸರ್ವರ್‌ಗೆ ಹೋಗಿದ್ದರೆ ಅದರ ಫೈಲ್‌ಗಳು ಇನ್ನೂ ಹಳೆಯ ಮೆಷಿನ್‌ನಲ್ಲೇ ಉಳಿದು, ಪ್ರತಿ ಬ್ಲಾಕ್ ನೆಟ್‌ವರ್ಕ್ ಮೇಲೆ ಬರುತ್ತಿರುತ್ತದೆ. ಮೇಜರ್ ಕಂಪ್ಯಾಕ್ಷನ್ (ಫೈಲ್‌ಗಳನ್ನೆಲ್ಲ ಸೇರಿಸಿ ಹೊಸದಾಗಿ ಬರೆಯುವುದು) ಆದಾಗ ಸರಿಹೋಗುತ್ತದೆ. ಅಳಿಸಿದ ಸಾಲುಗಳ ಗುರುತುಗಳು ತುಂಬಿದ್ದರೂ ಅದೇ ಮದ್ದು. ಆದರೆ ಕಂಪ್ಯಾಕ್ಷನ್ ನಡೆಯುವಾಗ ಡಿಸ್ಕ್ ಮೇಲೆ ಭಾರ ಬೀಳುತ್ತದೆ, ಆ ಹೊತ್ತಿನಲ್ಲಿ ಸ್ಕ್ಯಾನ್ ಓಡಿಸಬೇಡಿ.

ಈ ಥರದ ಪೂರ್ತಿ ಓದುವ ಜಾಬ್‌ಗೆ ಬ್ಲಾಕ್ ಕ್ಯಾಶ್ ಬೇಡ ಅಂತ ಸೆಟ್‌ಕ್ಯಾಶ್‌ಬ್ಲಾಕ್ಸ್‌ಗೆ ಫಾಲ್ಸ್ ಕೊಡಿ. ಇಲ್ಲದಿದ್ದರೆ ನಿಮ್ಮ ಒಂದು ಸ್ಕ್ಯಾನ್ ಬೇರೆಯವರಿಗೆ ಬೇಕಾದ ಡೇಟಾವನ್ನೆಲ್ಲ ಮೆಮೊರಿಯಿಂದ ಹೊರಗೆ ತಳ್ಳುತ್ತದೆ. ಸ್ಪೆಕ್ಯುಲೇಟಿವ್ ಎಕ್ಸಿಕ್ಯೂಶನ್ ಕೂಡ ನಿಲ್ಲಿಸಿ: ನಿಧಾನ ಆದ ಟಾಸ್ಕ್‌ಗೆ ಜೋಡಿ ಟಾಸ್ಕ್ ಶುರುವಾದರೆ ಮೊದಲೇ ಒದ್ದಾಡುತ್ತಿರುವ ಅದೇ ರೀಜನ್ ಮೇಲೆ ಎರಡು ಪಟ್ಟು ಭಾರ ಬೀಳುತ್ತದೆ.

ಇದೇ ಕ್ಷಣದ ಡೇಟಾ ಬೇಕಿಲ್ಲ, ಸ್ವಲ್ಪ ಹೊತ್ತಿನ ಹಿಂದಿನದು ಆದರೂ ನಡೆಯುತ್ತದೆ ಅನ್ನುವವರು ಸ್ನ್ಯಾಪ್‌ಶಾಟ್ ಮೇಲೆ ಓದಿ. ಟೇಬಲ್‌ಸ್ನ್ಯಾಪ್‌ಶಾಟ್‌ಇನ್‌ಪುಟ್‌ಫಾರ್ಮ್ಯಾಟ್ ರೀಜನ್ ಸರ್ವರ್ ಅನ್ನು ಕೇಳುವುದೇ ಇಲ್ಲ, ಎಚ್‌ಡಿಎಫ್‌ಎಸ್‌ನಲ್ಲಿರುವ (ಎಚ್‌ಬೇಸ್ ತನ್ನ ಡೇಟಾ ಇಡುವ ಫೈಲ್ ವ್ಯವಸ್ಥೆ) ಫೈಲ್‌ಗಳನ್ನು ನೇರವಾಗಿ ಓದುತ್ತದೆ. ಲೀಸ್ ಇಲ್ಲ, ಸ್ಕ್ಯಾನರ್ ಟೈಮ್‌ಔಟ್ ಇಲ್ಲ, ಬಳಕೆದಾರರ ಕೆಲಸಕ್ಕೂ ಅಡ್ಡಿ ತುಂಬಾ ಕಡಿಮೆ. ಒಂದೇ ಎಚ್ಚರಿಕೆ ಅಂದರೆ ಫೈಲ್ ಓದುವ ಅನುಮತಿ ಕೊಡಬೇಕು, ಎಚ್‌ಬೇಸ್‌ನ ಟೇಬಲ್ ಅನುಮತಿಗಳು ಅಲ್ಲಿ ಕೆಲಸ ಮಾಡುವುದಿಲ್ಲ. ಯಾರಿಗೆ ಕೊಡುತ್ತೀರಿ ಅಂತ ಯೋಚಿಸಿ ಕೊಡಿ. ನನ್ನನ್ನು ಕೇಳಿದರೆ ದಿನಾ ಪೂರ್ತಿ ಟೇಬಲ್ ಓದುವ ಯಾವ ಜಾಬ್ ಆದರೂ ಇದೇ ದಾರಿ ಹಿಡಿಯಬೇಕು.

ಪ್ರಶ್ನೆ: ನಮ್ಮದು ಕಸಾಂಡ್ರ ಡೇಟಾಬೇಸ್. ಒಂದು ನೋಡ್‌ನಲ್ಲಿ ರೇಂಜ್_ರಿಕ್ವೆಸ್ಟ್_ಟೈಮ್‌ಔಟ್ ಏರಿಸಿದೆವು. ಸಿಕ್ಯೂಎಲ್‌ಎಸ್‌ಎಚ್‌ನಲ್ಲಿ (ಕಸಾಂಡ್ರದ ಕಮಾಂಡ್ ಶೆಲ್) ಕೌಂಟ್ ಹಾಕಿದರೆ 10 ಸೆಕೆಂಡಿಗೆ ಆಪರೇಶನ್‌ಟೈಮ್ಡ್‌ಔಟ್. ಅಪ್ಲಿಕೇಶನ್‌ನಲ್ಲಿ ಒಮ್ಮೊಮ್ಮೆ ರೀಡ್‌ಟೈಮ್‌ಔಟ್. ಎರಡೂ ಒಂದೇ ಅಲ್ವಾ?

ಉತ್ತರ: ಅಲ್ಲ, ಅದನ್ನು ಗಮನಿಸಿ ಕೇಳಿದ್ದು ಒಳ್ಳೆಯದಾಯಿತು. ಆಪರೇಶನ್‌ಟೈಮ್ಡ್‌ಔಟ್ ಅನ್ನುವುದು ಕ್ಲೈಂಟ್ ತಾನೇ ಕಾಯುವುದನ್ನು ನಿಲ್ಲಿಸಿದ ಸುದ್ದಿ. ಸಿಕ್ಯೂಎಲ್‌ಎಸ್‌ಎಚ್ 10 ಸೆಕೆಂಡ್ ಕಾಯುತ್ತದೆ, ಶುರು ಮಾಡುವಾಗ ರಿಕ್ವೆಸ್ಟ್-ಟೈಮ್‌ಔಟ್ ಅಂತ ಕೊಟ್ಟು ಏರಿಸಬಹುದು. ಜಾವಾ ಡ್ರೈವರ್‌ನ 4ನೇ ಆವೃತ್ತಿ ಇನ್ನೂ ಅವಸರದ್ದು, ಡೀಫಾಲ್ಟ್ 2 ಸೆಕೆಂಡ್ ಮಾತ್ರ. ಅಲ್ಲಿ ಸರ್ವರ್‌ನಲ್ಲಿ ಎಷ್ಟು ಏರಿಸಿದರೂ ಕ್ಲೈಂಟ್ 2 ಸೆಕೆಂಡಿಗೆ ಎದ್ದು ಹೋಗಿರುತ್ತದೆ.

ರೀಡ್‌ಟೈಮ್‌ಔಟ್, ಕೋಡ್ 1200, ಸರ್ವರ್ ಕಳಿಸಿದ ಉತ್ತರ. ನಿಮ್ಮ ಕ್ವೆರಿ ಹಿಡಿದ ಕೋಆರ್ಡಿನೇಟರ್ ನೋಡ್, ಡೇಟಾದ ಪ್ರತಿ ಇಟ್ಟುಕೊಂಡಿರುವ ನೋಡ್‌ಗಳಿಂದ, ಅಂದರೆ ರೆಪ್ಲಿಕಾಗಳಿಂದ, ಸಮಯಕ್ಕೆ ಸರಿಯಾಗಿ ಉತ್ತರ ಸಿಗಲಿಲ್ಲ ಅನ್ನುತ್ತಿದೆ. ಒಂದು ಪಾರ್ಟಿಶನ್ (ಒಂದೇ ಪಾರ್ಟಿಶನ್ ಕೀ ಇರುವ ಸಾಲುಗಳ ಗುಂಪು) ಓದಲು ಮಿತಿ 5 ಸೆಕೆಂಡ್, ರೇಂಜ್ ಸ್ಕ್ಯಾನ್‌ಗೆ 10 ಸೆಕೆಂಡ್. ಯಾವ ನೋಡ್ ಬೇಕಾದರೂ ಕೋಆರ್ಡಿನೇಟರ್ ಆಗಬಹುದು, ಹಾಗಾಗಿ ಒಂದೇ ನೋಡ್‌ನಲ್ಲಿ ಬದಲಾಯಿಸಿದರೆ ಒಮ್ಮೆ ಓಡುತ್ತದೆ, ಒಮ್ಮೆ ಇಲ್ಲ. ಪ್ರಯೋಗ ಮಾಡಿ ನೋಡಲು ನೋಡ್‌ಟೂಲ್ ಸೆಟ್‌ಟೈಮ್‌ಔಟ್ ಸಾಕು, ರೀಸ್ಟಾರ್ಟ್ ಆದಾಗ ಹಳೆಯ ಸಂಖ್ಯೆ ವಾಪಸ್ ಬರುತ್ತದೆ.

ಆದರೆ ಕೌಂಟ್‌ಗೋಸ್ಕರ ಇವನ್ನೆಲ್ಲ ಏರಿಸಬೇಡಿ ಅಂತ ನನ್ನ ಕೋರಿಕೆ. ಕೌಂಟ್ ಹಾಕಿದಾಗ ಕೋಆರ್ಡಿನೇಟರ್ ಎಲ್ಲಾ ನೋಡ್‌ಗಳ ಎಲ್ಲಾ ಪಾರ್ಟಿಶನ್ ಓದಿಸಿ ಕೊನೆಗೆ ಒಂದು ಸಂಖ್ಯೆ ಕೊಡುತ್ತದೆ. ಅಲ್ಲಿವರೆಗೂ ಕ್ಲೈಂಟ್‌ಗೆ ಏನೂ ಬರುವುದಿಲ್ಲ. ಟೇಬಲ್ ಬೆಳೆದಂತೆ ಈ ಮಿತಿ ಎಂದೂ ಸಾಲುವುದಿಲ್ಲ. ಅದರ ಬದಲು ಟೋಕನ್ ರೇಂಜ್ ಒಡೆಯಿರಿ. ಟೋಕನ್ ಅಂದರೆ ಪಾರ್ಟಿಶನ್ ಕೀಯಿಂದ ಲೆಕ್ಕ ಹಾಕಿದ ಸಂಖ್ಯೆ, ಡೇಟಾ ಯಾವ ನೋಡ್‌ಗೆ ಹೋಗಬೇಕು ಅಂತ ಅದೇ ಹೇಳುತ್ತದೆ. ಮರ್ಮರ್3 ಪಾರ್ಟಿಶನರ್‌ನ ಟೋಕನ್‌ಗಳು ಮೈನಸ್ 9223372036854775808ರಿಂದ 9223372036854775807ರವರೆಗೆ ಹರಡಿವೆ. ಇದನ್ನು ಸಾವಿರ ತುಂಡು ಮಾಡಿ, ಒಂದೊಂದಕ್ಕೂ "ಟೋಕನ್ ಇದಕ್ಕಿಂತ ಜಾಸ್ತಿ, ಇದಕ್ಕಿಂತ ಕಡಿಮೆ ಅಥವಾ ಸಮ" ಅಂತ ಕ್ವೆರಿ ಹಾಕಿ. ಮೊದಲ ತುಂಡಿನಲ್ಲಿ ಮಾತ್ರ ಆರಂಭದ ಟೋಕನ್ ಸೇರುವಂತೆ ನೋಡಿಕೊಳ್ಳಿ. ಒಂದೊಂದು ಕ್ವೆರಿಯೂ ಬೇಗ ಮುಗಿಯುತ್ತದೆ, ಒಂದು ಬಿದ್ದರೆ ಆ ತುಂಡನ್ನು ಮಾತ್ರ ಮತ್ತೆ ಓಡಿಸಿದರೆ ಸಾಕು. ನೀವೇ ಬರೆಯುವಷ್ಟು ಪುರುಸೊತ್ತು ಇಲ್ಲದಿದ್ದರೆ ಡಿಎಸ್‌ಬಲ್ಕ್ ಅನ್ನುವ ಸಾಧನದ ಕೌಂಟ್ ಇದನ್ನೇ ಮಾಡುತ್ತದೆ. ಅಂದಾಜು ಸಾಕಾದರೆ ನೋಡ್‌ಟೂಲ್ ಟೇಬಲ್‌ಸ್ಟ್ಯಾಟ್ಸ್‌ನಲ್ಲಿ ಆ ನೋಡ್‌ನ ಪಾರ್ಟಿಶನ್‌ಗಳ ಅಂದಾಜು ಸಂಖ್ಯೆ ಇರುತ್ತದೆ.

ಸಾಲುಗಳನ್ನೇ ಓದುವವರು ಪೇಜ್ ಗಾತ್ರ ನೋಡಿ. ಜಾವಾ ಡ್ರೈವರ್ ಒಂದು ಸಲಕ್ಕೆ 5000 ಸಾಲು ಕೇಳುತ್ತದೆ. ಸಾಲುಗಳು ದೊಡ್ಡವಾಗಿದ್ದರೆ 500ಕ್ಕೆ ಇಳಿಸಿ ನೋಡಿ. ಇಳಿಸಿದರೂ ಕೆಲವು ಕಡೆ ಮಾತ್ರ ಸಿಕ್ಕಿಹಾಕಿಕೊಂಡರೆ ಟೂಂಬ್‌ಸ್ಟೋನ್ ಇರಬಹುದು. ಅಳಿಸಿದ ಡೇಟಾದ ಗುರುತುಗಳು ಡೀಫಾಲ್ಟ್ ಪ್ರಕಾರ 10 ದಿನವಾದರೂ ಉಳಿಯುತ್ತವೆ, ಸ್ಕ್ಯಾನ್ ಅವನ್ನೆಲ್ಲ ದಾಟಿಕೊಂಡು ಹೋಗಬೇಕು. ಒಂದು ಓದಿನಲ್ಲಿ 1000 ದಾಟಿದರೆ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ, 100000 ದಾಟಿದರೆ ಓದೇ ನಿಲ್ಲುತ್ತದೆ, ಆಗ ಬರುವ ಕೋಡ್ 1300, 1200 ಅಲ್ಲ. ಬರೆದು, ಓದಿ, ಅಳಿಸಿ ಕ್ಯೂ ಥರ ಬಳಸುವ ಟೇಬಲ್‌ಗಳಲ್ಲಿ ಇದು ಇದ್ದದ್ದೇ.

ಪ್ರಶ್ನೆ: ಮಾಂಗೋಡಿಬಿ ಡೇಟಾಬೇಸ್‌ನಲ್ಲಿ ದೊಡ್ಡ ಕಲೆಕ್ಷನ್ (ಟೇಬಲ್ ಥರದ್ದು) ಓದುವಾಗ ಕರ್ಸರ್ ನಾಟ್ ಫೌಂಡ್ ಬರುತ್ತದೆ. ನೋಕರ್ಸರ್‌ಟೈಮ್‌ಔಟ್ ಹಾಕಿದರೂ ಅರ್ಧ ಗಂಟೆಗೆ ಮತ್ತೆ ಅದೇ.

ಉತ್ತರ: ಕರ್ಸರ್ ಅಂದರೆ ಎಲ್ಲಿವರೆಗೆ ಓದಿದ್ದೀರಿ ಅಂತ ಸರ್ವರ್ ಇಟ್ಟುಕೊಳ್ಳುವ ಗುರುತು. ಸುಮ್ನೆ ಕೂತ ಕರ್ಸರ್ ಅನ್ನು ಸರ್ವರ್ 10 ನಿಮಿಷಕ್ಕೆ ಮುಚ್ಚುತ್ತದೆ. ನೀವು ಅದನ್ನು ನಿಲ್ಲಿಸಿದಿರಿ, ಆದರೆ ಕರ್ಸರ್ ಒಂದು ಸೆಷನ್ ಒಳಗಿದೆ, ಸುಮ್ನೆ ಕೂತ ಸೆಷನ್‌ನ ಮಿತಿ 30 ನಿಮಿಷ. ಮೊದಲ ಕಂತು 101 ಡಾಕ್ಯುಮೆಂಟ್, ಆಮೇಲಿನವು 16 ಎಂಬಿವರೆಗೆ ಬರುತ್ತವೆ, ಅಷ್ಟನ್ನು ಕೆಲಸ ಮಾಡಿ ಮುಗಿಸುವುದರಲ್ಲಿ ನಿಮ್ಮ ಅರ್ಧ ಗಂಟೆ ಕಳೆಯುತ್ತಿದೆ. ಬ್ಯಾಚ್‌ಸೈಜ್ ಇಳಿಸಿ, ನೋಕರ್ಸರ್‌ಟೈಮ್‌ಔಟ್ ತೆಗೆದುಬಿಡಿ.

ಪ್ರಶ್ನೆ: ಇಷ್ಟೆಲ್ಲಾ ತಲೆಬಿಸಿ ಯಾಕೆ, ಎಲ್ಲಾ ಟೈಮ್‌ಔಟ್‌ಗಳನ್ನೂ 1 ಗಂಟೆ ಮಾಡಿಬಿಟ್ಟರೆ ಏನಾಗುತ್ತದೆ?

ಉತ್ತರ: ಮೊದಲ ದಿನ ಎಲ್ಲಾ ಸರಿ ಅನಿಸುತ್ತದೆ. ಆಮೇಲೆ ಒಂದು ಸರ್ವರ್ ನಿಜವಾಗಿಯೂ ಕೆಟ್ಟಾಗ ನಿಮ್ಮ ಅಪ್ಲಿಕೇಶನ್‌ನ ಪ್ರತಿ ಕರೆಯೂ ಒಂದೊಂದು ಗಂಟೆ ಸುಮ್ಮನೆ ಕಾಯುತ್ತದೆ. ಮಧ್ಯದಲ್ಲೇ ಸತ್ತುಹೋದ ಕ್ಲೈಂಟ್‌ಗಳ ಸ್ಕ್ಯಾನರ್‌ಗಳನ್ನು ರೀಜನ್ ಸರ್ವರ್ ಒಂದು ಗಂಟೆ ತೆರೆದಿಟ್ಟುಕೊಂಡು ಮೆಮೊರಿ ಹಿಡಿದಿರುತ್ತದೆ. ಎಚ್‌ಬೇಸ್ ರೀಜನ್ ಸರ್ವರ್‌ನಲ್ಲಿ ಕರೆ ಹಿಡಿಯುವ ಹ್ಯಾಂಡ್ಲರ್‌ಗಳು ಡೀಫಾಲ್ಟ್ ಪ್ರಕಾರ 30. ಉದ್ದದ ಸ್ಕ್ಯಾನ್‌ಗಳೇ ಅವನ್ನು ಹಿಡಿದು ಕೂತರೆ ಒಂದು ಮಿಲಿಸೆಕೆಂಡ್ ಸಾಕಾಗುವ ಚಿಕ್ಕ ಗೆಟ್ ಕೂಡ ಕ್ಯೂನಲ್ಲಿ ನಿಲ್ಲುತ್ತದೆ. ಹಾಗಂತ ತೀರಾ ಕಡಿಮೆ ಇಡುವುದೂ ಕೆಟ್ಟದ್ದೇ. ಕ್ಲೈಂಟ್ ಬಿಟ್ಟು ಹೋದರೂ ಸರ್ವರ್ ಆ ಕೆಲಸವನ್ನು ಮುಂದುವರಿಸುತ್ತಿರಬಹುದು, ಕ್ಲೈಂಟ್ ಅದನ್ನೇ ಮತ್ತೆ ಕೇಳುತ್ತದೆ, ಒಂದೇ ಕೆಲಸ ಎರಡು ಮೂರು ಪಟ್ಟು ಆಗುತ್ತದೆ.

ಬಳಕೆದಾರರು ಕಾಯುವ ಅಪ್ಲಿಕೇಶನ್‌ಗೆ ಒಂದು ಕಾನ್ಫಿಗರೇಶನ್, ರಾತ್ರಿ ಓಡುವ ಜಾಬ್‌ಗೆ ಇನ್ನೊಂದು ಅಂತ ಬೇರೆ ಇಡಿ. ಮೊದಲನೆಯದರಲ್ಲಿ ಮಿತಿಗಳು ಸೆಕೆಂಡುಗಳಲ್ಲಿರಲಿ. ಎರಡನೆಯದರಲ್ಲಿ 2 ಅಥವಾ 3 ನಿಮಿಷಕ್ಕೆ ಏರಿಸಿ, ಅಷ್ಟರಲ್ಲೂ ಒಂದು ಕಂತು ಮುಗಿಯದಿದ್ದರೆ ಇನ್ನೂ ಏರಿಸುವ ಬದಲು ಕಂತಿನ ಗಾತ್ರ, ಕೀ ರೇಂಜ್, ಆ ರೀಜನ್‌ನ ಸ್ಥಿತಿ ನೋಡಿ. ಸರ್ವರ್‌ನ ಲೀಸ್ ಮಾತ್ರ ಎಲ್ಲರಿಗೂ ಒಂದೇ ಆಗಿರುವುದರಿಂದ ಅದನ್ನು ಬದಲಾಯಿಸುವ ಮೊದಲು ಅದೇ ಕ್ಲಸ್ಟರ್ ಬಳಸುವ ಬೇರೆ ತಂಡಗಳಿಗೆ ತಿಳಿಸಿ. ಹಳೆಯ ಸಂಖ್ಯೆ ಏನಿತ್ತು, ಯಾಕೆ ಬದಲಾಯಿತು ಅಂತ ಫೈಲಿನಲ್ಲೇ ಕಾಮೆಂಟ್ ಬರೆದಿಡಿ.